ದಿನಕ್ಕೆರಡು ಬಾಳೆಹೂ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಚಂತಬುರಿ ಸೀಮೆಯ ನೊಂಗ್‌ಸಾಯ್ ಹಳ್ಳಿಯ ಚಮ್ನಾನ್ ಒಂದು ಮಾತು ಆಡಿದ. ಹೋದದ್ದು ಅವನ ಹೆಂಡತಿ.

ಆ ಮಾತು ಹುಟ್ಟಿದ್ದು ಊರ ಯಜಮಾನ ಸಕ್ದಾನ ಹೊಸಮನೆಯ ಒಕ್ಕಲಿನ ದಿನ. ಭಿಕ್ಷುಗಳು ಬಂದು, ಮನೆಯ ಸುತ್ತ ಬಿಳಿ ನೂಲು ಎಳೆದು, ಮಂತ್ರ ಹೇಳಿ, ಊಟ ಮುಗಿಸಿ ಹೋದ ಮೇಲೆ ಊರವರ ಪಂಕ್ತಿ ಕೂತಿತು. ಅಡಿಗೆ ಚಮ್ನಾನನ ಹೆಂಡತಿ ಲಮೂನಳದು. ಅವಳ ಕೈಯ ಪಾಡ್‌ಥಾಯ್ ಎಂದರೆ ಪಕ್ಕದ ಮೂರು ಊರಿನವರೂ ದಾರಿ ಬದಲಿಸಿಕೊಂಡು ಬರುತ್ತಿದ್ದರು. ಚಪ್ಪಟೆ ಅಕ್ಕಿ ಶಾವಿಗೆ ಎಳೆ ಎಳೆಯಾಗಿ ಬಿಡಿಸಿಕೊಂಡಿರಬೇಕು. ಹುಣಸೆಯ ಹುಳಿ, ತಾಳೆಬೆಲ್ಲದ ಸಿಹಿ, ಮೀನಿನ ರಸದ ಉಪ್ಪು ಮೂರೂ ಒಂದೇ ಮನೆಯ ಸೊಸೆಯಂದಿರಂತೆ ಹೊಂದಿಕೊಂಡಿರಬೇಕು. ಪಕ್ಕದಲ್ಲಿ ಸೀಳಿದ ಹಸಿ ಬಾಳೆಹೂ, ಒಂದು ಹಿಡಿ ಬೆಳ್ಳುಳ್ಳಿ ಸೊಪ್ಪು. ನಲವತ್ತು ಜನ ಬೆರಳು ನೆಕ್ಕುತ್ತಾ ಹೊಗಳಿದರು. ಆ ಹೊಗಳಿಕೆಯೆಲ್ಲ ಒಲೆಯ ಕಡೆಗೇ ಹರಿದು ಹೋಗುವುದನ್ನು ಚಮ್ನಾನ್ ಕಂಬಕ್ಕೊರಗಿ ಕೂತು ನೋಡಿದ. ಅವನಿಗೆ ಐವತ್ತಾರು ವರ್ಷ. ಹೆಸರಿನ ಅರ್ಥ ‘ನಿಪುಣ’ ಎಂದು. ಹೆತ್ತವರು ಆಸೆಯಿಂದ ಇಟ್ಟದ್ದು. ಆಸೆಪಡುವುದು ತಪ್ಪಲ್ಲ.

“ಇದರಲ್ಲೇನಿದೆ ಮಹಾ?” ಎಂದ, ಎಲ್ಲರಿಗೂ ಕೇಳುವ ಹಾಗೆ. “ಶಾವಿಗೆ ನೆನೆಹಾಕೋದು, ಬಾಣಲೆಗೆ ಸುರಿಯೋದು, ನಾಲ್ಕು ಸಲ ತಿರುವೋದು. ಗಂಡಸರು ಮಾಡೋಕೆ ಹೋಗಲ್ಲ ಅಷ್ಟೆ. ನನ್ನ ಕೈ ಬಿದ್ದಿದ್ರೆ ನೀವು ತಟ್ಟೇನೂ ಉಳಿಸ್ತಿರ್ಲಿಲ್ಲ.”

ಜನ ನಕ್ಕರು. ಲಮೂನ್ ನಗಲಿಲ್ಲ, ಬಯ್ಯಲೂ ಇಲ್ಲ. ಸಟ್ಟುಗ ತೊಳೆದು, ಒರೆಸಿ, ಚೀಲಕ್ಕೆ ಹಾಕಿಕೊಂಡು ಮನೆಗೆ ನಡೆದಳು. ಬೈದಿದ್ದರೆ ಚಮ್ನಾನ್ ಉಳಿದುಕೊಳ್ಳುತ್ತಿದ್ದ. ಹಿಂದೊಮ್ಮೆ ಅವಳ ಹೊಸ ಕೊಡೆಯನ್ನು ಎಲ್ಲೋ ಮರೆತು ಬಂದದ್ದಕ್ಕೆ ಲಮೂನ್ ಮಳೆಗಾಲದ ಮೂರು ತಿಂಗಳೂ ಅವನೊಡನೆ ಮಾತಾಡಿರಲಿಲ್ಲ. ಹೇಳಬೇಕಾದದ್ದನ್ನು ಬಾತುಕೋಳಿಗಳಿಗೆ ಹೇಳುತ್ತಿದ್ದಳು. ಅವನು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಬೇಕಾಗಿತ್ತು.

ಮಾರನೆಯ ಬೆಳಿಗ್ಗೆ ಅವಳ ಗಂಟು ಮೆಟ್ಟಿಲ ಬಳಿ ಇತ್ತು.

“ಅಕ್ಕನ ತೋಟದಲ್ಲಿ ಮ್ಯಾಂಗೋಸ್ಟೀನ್ ಹಣ್ಣಿನ ಕೊಯ್ಲು. ಹೋಗ್ತಿದೀನಿ.”

“ಎಷ್ಟು ದಿನ?”

“ಅದು ನಿನ್ನ ಕೈಲಿದೆ. ಡಬ್ಬದಲ್ಲಿ ಶಾವಿಗೆ ಇದೆ. ಹುಣಸೆ, ಬೆಲ್ಲ, ಒಣ ಸಿಗಡಿ ಎಲ್ಲ ಗಡಿಗೇಲಿವೆ. ಯಾವತ್ತು ನೀನೇ ಮಾಡಿದ ಒಂದು ತಟ್ಟೆ ನನ್ನ ಗಂಟಲಲ್ಲಿ ಇಳಿಯತ್ತೋ ಅವತ್ತು ಈ ಮನೇಲಿ ಇರ್ತೀನಿ. ಅಲ್ಲೀತನಕ ಅಕ್ಕನ ಮನೇನೇ ನನ್ನ ಮನೆ.”

“ಹಾಗಾದ್ರೆ ಗಂಟು ಯಾಕೆ ಹೊತ್ಕೊಂಡು ಹೋಗ್ತೀಯ? ಸಂಜೆಗೆ ವಾಪಸ್ ಹೊರಬೇಕು,” ಎಂದ ಚಮ್ನಾನ್.

ಲಮೂನ್ ಬಾತುಗಳ ಕಡೆ ನೋಡಿ, “ನೀವೇ ಸಾಕ್ಷಿ,” ಎಂದು ಹೇಳಿ ಹೊರಟುಹೋದಳು.

ಬಲ್ಲೆನೆಂದು ಊರ ಮುಂದೆ ಹೇಳಿಕೊಂಡವನು ಕಲಿಯುವುದನ್ನು ಊರು ನೋಡಬಾರದು. ಇದು ಚಮ್ನಾನನ ಸಿದ್ಧಾಂತ. ಆದ್ದರಿಂದ ಅವನು ಅಡಿಗೆ ಮೂಲೆಯ ಕಿಟಕಿಗಳನ್ನೆಲ್ಲ ಮುಚ್ಚಿದ, ಬಾಗಿಲಿಗೆ ಅಗಣಿ ಹಾಕಿದ, ಆ ಸುಡುಬೇಸಿಗೆಯಲ್ಲಿ ಇದ್ದಿಲ ಒಲೆ ಹೊತ್ತಿಸಿದ. ಮೊದಲ ದಿನ ಅರ್ಧ ಕೇಜಿಯ ಪೊಟ್ಟಣ ಪೂರ್ತಿ ಕುದಿಯುವ ನೀರಿಗೆ ಬಿತ್ತು. ಬಾಣಲೆಯಲ್ಲಿ ಎಳೆಗಳೆಲ್ಲ ಅಗಲಿ ಸಿಕ್ಕಿದ ಅಣ್ಣತಮ್ಮಂದಿರಂತೆ ತಬ್ಬಿಕೊಂಡು ಒಂದೇ ಮುದ್ದೆಯಾದವು. ತಪ್ಪು ಶಾವಿಗೆಯದು. ಎರಡನೆಯ ದಿನ ನೀರನ್ನೇ ತೋರಿಸದೆ ಹುರಿದ, ತೆಂಗಿನ ನಾರಾಯಿತು. ತಪ್ಪು ಬಾಣಲೆಯದು. ಮೂರನೆಯ ದಿನ ಮೀನಿನ ರಸ ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂದು ಎರಡು ಸಲ ಹಾಕಿದ, ಆಮೇಲೆ ಅನುಮಾನ ತೀರಲೆಂದು ಮೂರನೆಯ ಸಲವೂ ಹಾಕಿದ. ತಪ್ಪು ಸೀಸೆಯದು. ಬಾತುಗಳು ಮೊದಲ ದಿನದ್ದನ್ನು ತಿಂದವು. ಎರಡನೆಯ ದಿನದ್ದನ್ನು ಮೂಸಿದವು. ಮೂರನೆಯ ದಿನ ಅವನು ತಟ್ಟೆ ಹಿಡಿದು ಮೆಟ್ಟಿಲಿಳಿಯುವುದನ್ನು ಕಂಡು ಸಾಲಾಗಿ ಕೆರೆಗೆ ಹೋದವು.

ಇಷ್ಟಾದರೂ ಚಮ್ನಾನನ ಧೈರ್ಯ ಕೂದಲೆಳೆಯಷ್ಟೂ ಕುಂದಲಿಲ್ಲ. ಕುಂದು ಇದ್ದದ್ದು ಎಲ್ಲಿ ಎಂದು ಕೂತು ಯೋಚಿಸಿದ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ತಲೆಯಲ್ಲಿ ನಿಲ್ಲುತ್ತಿಲ್ಲ. ಕ್ರಮ ನಿಲ್ಲಬೇಕಾದರೆ ಹಾಡಾಗಬೇಕು. ಅವನಿಗೆ ಪೂರ್ತಿ ಗೊತ್ತಿದ್ದದ್ದು ಒಂದೇ ರಾಗ, ಅವನ ತಾಯಿ ತೊಟ್ಟಿಲು ತೂಗುವಾಗ ಹಾಡುತ್ತಿದ್ದದ್ದು. ಅದಕ್ಕೇ ಅಡಿಗೆಯನ್ನು ಹೊಂದಿಸಿದ:

“ಈರುಳ್ಳಿ ಮುಂದೆ, ಸಿಗಡಿ ಹಿಂದೆ, ಜೋ... ಶಾವಿಗೆ ಮಲಗಲಿ, ಹುಣಸೆ ಹೊದೆಯಲಿ, ಜೋ ಜೋ...”

ಇನ್ನೊಂದು ಹಟವೂ ಅವನಿಗಿತ್ತು. ತಟ್ಟೆ ಎಂದ ಮೇಲೆ ತಟ್ಟೆಯ ಹಾಗೇ ಇರಬೇಕು. ಬಾತುಗಳಿಗೆ ಹಾಕುವುದಾದರೂ ಸರಿ, ಪಕ್ಕದಲ್ಲಿ ಬಾಳೆಹೂ, ಬೆಳ್ಳುಳ್ಳಿ ಸೊಪ್ಪು ಇಡದೆ ಅವನು ಒಂದು ತಟ್ಟೆಯನ್ನೂ ಮುಗಿಸಿದನೆಂದು ಒಪ್ಪುತ್ತಿರಲಿಲ್ಲ. ಹಿತ್ತಲ ಬಾಳೆಯಲ್ಲಿದ್ದ ಹೂ ಮೂರು ದಿನಕ್ಕೆ ಮುಗಿದವು. ನಾಲ್ಕನೆಯ ಬೆಳಿಗ್ಗೆ, ಮೋಟರ್‌ಬೈಕಿನ ಗಾಡಿಯ ಸುತ್ತ ಸೊಪ್ಪು ತರಕಾರಿಗಳ ಚೀಲಗಳನ್ನು ತೋರಣದಂತೆ ತೂಗುಹಾಕಿಕೊಂಡು ಬರುವ ತರಕಾರಿಯವಳನ್ನು ನಿಲ್ಲಿಸಿದ. ಬೇಲಿಯಾಚೆ ಮನೆಯ ಉರೈ ಆಗಲೇ ಅಲ್ಲಿ ಬದನೆಕಾಯಿ ಆರಿಸುತ್ತಿದ್ದಳು.

“ಎರಡು ಬಾಳೆಹೂ ಕೊಡು. ಬೆಳ್ಳುಳ್ಳಿ ಸೊಪ್ಪು ಎರಡು ಕಟ್ಟು. ನಾಳೆಗೂ ತಾ. ನಾಡಿದ್ದಿಗೂ.”

“ದಿನಾನಾ ಮಾವ? ಯಾರಿಗೆ?” ಎಂದಳು ತರಕಾರಿಯವಳು.

“ಮನೇಲಿ ಬೇಕು.”

“ಲಮೂನಕ್ಕ ಮನೇಲಿಲ್ವಲ್ಲ?” ಎಂದಳು ಉರೈ.

“ಅವಳು ಇಲ್ಲ ಅಂತಾನೇ ಬೇಕಾಗಿರೋದು,” ಎಂದು ಚಮ್ನಾನ್ ಹೂಗಳನ್ನು ಅಂಗಿಯೊಳಗೆ ಮುಚ್ಚಿಕೊಂಡು ಬಿರಬಿರನೆ ಮೆಟ್ಟಿಲು ಹತ್ತಿದ.

ಇಬ್ಬರು ಹೆಂಗಸರೂ ಮುಖ ಮುಖ ನೋಡಿಕೊಂಡರು. ಉರೈಯ ಕೈಯಿಂದ ಬದನೆಕಾಯಿ ಜಾರಿತು.

“ಬಾಳೆಹೂ, ಬೆಳ್ಳುಳ್ಳಿ ಸೊಪ್ಪು,” ಎಂದಳು. “ದಿನಾ. ಅಲ್ಲ ಕಣೇ, ಆ ಮನೇಲಿ ಯಾರಿಗೆ ಎದೆಹಾಲು ಬರ್ಬೇಕಾಗಿದೆ?”

“ಬಾಣಂತಿ ಪಥ್ಯ ಅಲ್ವಾ ಅಕ್ಕ ಅದು? ನನ್ನ ಎರಡೂ ಹೆರಿಗೇಲಿ ಅತ್ತೆ ಅದನ್ನೇ ತಿನ್ನಿಸಿ ಸಾಯಿಸಿದ್ರು.”

ಉರೈ ಅವತ್ತು ಹಿತ್ತಲು ಗುಡಿಸಲು ಹೋದವಳು ಬೇಲಿಯ ಬಳಿಯ ಎರಡು ಗೇಣು ಜಾಗವನ್ನೇ ಒಂದು ಗಂಟೆ ಗುಡಿಸಿದಳು. ಚಮ್ನಾನನ ಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಹೆಂಚಿನ ಸಂದಿಯಿಂದ ಇದ್ದಿಲ ಹೊಗೆ ಏಳುತ್ತಿತ್ತು. ಈ ಸೆಕೆಯಲ್ಲಿ ಕಿಟಕಿ ಮುಚ್ಚಿ ಬೆಂಕಿ ಹಾಕುವುದು ಯಾತಕ್ಕೆ? ಬಾಣಂತಿಯನ್ನು ಬೆಂಕಿಯ ಮಗ್ಗುಲಲ್ಲಿ ಮಲಗಿಸುವುದಕ್ಕೆ. ಅಷ್ಟರಲ್ಲಿ ಒಳಗಿಂದ ಗಂಡಸಿನ ಗೊಗ್ಗರು ದನಿಯಲ್ಲಿ, ರಾಗ ಮಾತ್ರ ಸ್ಪಷ್ಟವಾಗಿ, ಜೋಗುಳ ಕೇಳಿಬಂತು. ಉರೈ ಪೊರಕೆಯನ್ನು ಅಲ್ಲೇ ಬಿಟ್ಟು ಓಡಿದಳು.

ಓಡಿದ್ದು ವಿಲೈಯ ಮನೆಗೆ. ವಿಲೈ ಊರಿನ ಆರೋಗ್ಯ ಸ್ವಯಂಸೇವಕಿ. ಅವಳ ಪಾಲಿನ ಹದಿನೈದು ಮನೆಗಳಲ್ಲಿ ಯಾರು ಬಸಿರು, ಯಾರಿಗೆ ರಕ್ತದೊತ್ತಡ, ಯಾರ ಮನೆಯ ಹೂಜಿಯಲ್ಲಿ ಸೊಳ್ಳೆಮರಿ ಇವೆ ಎಂಬುದೆಲ್ಲ ಅವಳ ಪುಸ್ತಕದಲ್ಲಿರುತ್ತಿತ್ತು. ಅವಳ ಪುಸ್ತಕದಲ್ಲಿ ಬಸಿರಾಗದೆ ಆ ಊರಿನಲ್ಲಿ ಯಾರೂ ಹೆತ್ತದ್ದಿಲ್ಲ. ಸುದ್ದಿ ಕೇಳಿ ಅವಳಿಗೆ ಚಮ್ನಾನನ ನಡತೆಗಿಂತ ತನ್ನ ಪುಸ್ತಕದ ಮರ್ಯಾದೆ ಹೋದದ್ದೇ ದೊಡ್ಡದಾಯಿತು. ಸಮವಸ್ತ್ರದ ಅಂಗಿ ತೊಟ್ಟು, ಕೂಸು ತೂಗುವ ತಕ್ಕಡಿ ಹೆಗಲಿಗೇರಿಸಿ ಹೊರಟಳು.

ಚಮ್ನಾನ್ ಬಾಗಿಲನ್ನು ಒಂದು ಗೇಣು ತೆರೆದ. ಮುಖವೆಲ್ಲ ಮಸಿ, ಬೆವರು. ವಿಲೈ ಲಮೂನಳ ಬಾಲ್ಯದ ಗೆಳತಿ. ಪರೀಕ್ಷೆ ಮಾಡಿ ಬಾ ಎಂದು ಹೆಂಡತಿಯೇ ಕಳಿಸಿದ್ದಾಳೆ ಎಂದು ಅವನಿಗೆ ಖಾತ್ರಿಯಾಯಿತು.

“ಲಮೂನ್ ಹೇಳಿದ್ಲಾ?”

“ಅವಳಿಗೆ ಇನ್ನೂ ಗೊತ್ತಿಲ್ಲ ಮಾವ. ನನ್ನ ಬಾಯಿಂದ ಹೋಗೋದೂ ಇಲ್ಲ. ನನಗೆ ಬೇಕಾಗಿರೋದು ಬರಕೊಳ್ಳೋಕೆ ಅಷ್ಟೆ. ಎಷ್ಟು ದಿನ ಆಯ್ತು?”

“ಇವತ್ತಿಗೆ ನಾಲ್ಕು.”

“ಒಳಗೆ ಎಲ್ಲ ಸುಸೂತ್ರಾನಾ?”

“ಮೊದಲು ಬಹಳ ಕಷ್ಟ ಕೊಡ್ತು. ಈಗ ದಾರಿಗೆ ಬರ್ತಾ ಇದೆ.”

“ತೂಕ ಎಷ್ಟಿತ್ತು?”

ಇದು ಕೊಕ್ಕೆ ಪ್ರಶ್ನೆ ಎಂದು ಚಮ್ನಾನ್ ಎಚ್ಚರಗೊಂಡ. ಶಾವಿಗೆ ಪೊಟ್ಟಣದ ಮೇಲೆ ಬರೆದದ್ದನ್ನು ನೆನಪಿಸಿಕೊಂಡು ಎದೆಯುಬ್ಬಿಸಿ, “ಸರಿಯಾಗಿ ಅರ್ಧ ಕೇಜಿ,” ಎಂದ.

ವಿಲೈಯ ಪೆನ್ಸಿಲ್ ಮೆಟ್ಟಿಲ ಸಂದಿಯಲ್ಲಿ ಬಿತ್ತು. “ಅರ್ಧ ಕೇಜೀನಾ! ಅಯ್ಯೋ ದೇವರೇ... ಉಳಿಯತ್ತಾ ಮಾವ ಅದು?”

“ಉಳಿದ್ರೆ ಏನು ಯೋಚನೆ? ಬಾತುಗಳಿಗೆ ಹಾಕ್ತೀನಿ.”

ವಿಲೈ ಎರಡು ಮೆಟ್ಟಿಲು ಕೆಳಗಿಳಿದಳು. ನಿದ್ದೆಗೆಟ್ಟು ಮನುಷ್ಯನಿಗೆ ತಲೆ ಕೆಟ್ಟಿದೆ ಎಂದು ತೀರ್ಮಾನಿಸಿ ಮೆಲ್ಲಗೆ, “ಒಂದ್ಸಲ ನಾನು ನೋಡ್ಲಾ?” ಎಂದಳು.

“ಈಗ ಬೇಡ. ಒಂದು ರೂಪಕ್ಕೆ ಬರಲಿ. ಆಮೇಲೆ ನಾನೇ ಊರಿಗೆಲ್ಲ ತೋರಿಸ್ತೀನಿ,” ಎಂದು ಚಮ್ನಾನ್ ಬಾಗಿಲು ಹಾಕಿಕೊಂಡ. ಪರೀಕ್ಷೆಯಲ್ಲಿ ಪಾಸಾದ ಸಮಾಧಾನದಿಂದ ಆ ದಿನ ಇನ್ನೊಂದು ಪೊಟ್ಟಣ ಸುಟ್ಟ.

ಮಧ್ಯಾಹ್ನಕ್ಕೆ ಊರಿನಲ್ಲಿ ಅರ್ಧ ಕೇಜಿಯ ಕೂಸು ಹುಟ್ಟಿತು. ಸಂಜೆಗೆ ಅದು ಅವಳಿಜವಳಿಯಾಯಿತು. ತಾಯಿ ಯಾರು ಎಂಬ ಬಗ್ಗೆ ಮೂರು ಪಕ್ಷಗಳಾದವು. ಗಡಿಯಾಚೆಯಿಂದ ಹಣ್ಣು ಕೊಯ್ಯಲು ಬಂದ ಹೆಂಗಸು ಎಂದು ಒಂದು. ಪೇಟೆಯ ಹಾಡುಗಾರ್ತಿ ಎಂದು ಇನ್ನೊಂದು. ಯಾರೇ ಆಗಲಿ ಕಣ್ಣು ಕಾಣದವಳು ಎಂದು ಮೂರನೆಯದು. ಮುನ್ನೂರು ಹೆರಿಗೆ ಮಾಡಿಸಿದ್ದ ಸೂಲಗಿತ್ತಿ ಪಾನ್ ಅಜ್ಜಿ ಮಾತ್ರ ತೂಕವನ್ನು ಒಪ್ಪಲಿಲ್ಲ. “ಅರ್ಧ ಕೇಜಿ ಕೂಸು ನಾ ಕಂಡಿಲ್ಲ. ಗಂಡಸ್ರಿಗೆ ತಕ್ಕಡಿ ಹಿಡಿಯಕ್ಕೆ ಬರಲ್ಲ. ತಪ್ಪು ಅವನದು, ಕೂಸೇನು ಮಾಡ್ತು? ಬಾಣಂತನಕ್ಕೆ ಹೆಂಗಸು ದಿಕ್ಕಿಲ್ಲದ ಮನೆ,” ಎಂದು ಬಾಣಂತಿಯ ಹೊಟ್ಟೆಗೆ ಶಾಖ ಕೊಡುವ ಉಪ್ಪಿನ ಗಡಿಗೆ ಹೊತ್ತು ಹೋಗಿ ಮೆಟ್ಟಿಲ ಮೇಲಿಟ್ಟಳು.

“ಏ ಚಮ್ನಾನ್! ಉಪ್ಪು ತಂದಿಟ್ಟಿದೀನಿ ಕಣೋ. ಚೆನ್ನಾಗಿ ಬಿಸಿ ಮಾಡಿ ಹಾಕು. ನಾಚಿಕೋಬೇಡ!”

ಒಳಗಿದ್ದ ಚಮ್ನಾನ್ ಬೆಚ್ಚಿದ. ಸೀಸೆಯ ಮೀನಿನ ರಸ ಮುಗಿದದ್ದು ಈ ಮುದುಕಿಗೆ ಹೇಗೆ ತಿಳಿಯಿತು? ವಿಲೈಯೇ ಹೇಳಿರಬೇಕು. ಅಂದರೆ ಊರಿಗೆಲ್ಲ ತಿಳಿದಿದೆ. ತಿಳಿದೂ ಹಂಗಿಸದೆ ಸಹಾಯ ಮಾಡುತ್ತಿದ್ದಾರೆ. ಎಂಥ ಊರು! ಅವನ ಕಣ್ಣು ತುಂಬಿ ಬಂತು. ಉಪ್ಪನ್ನು ಹುರಿದು ಶಾವಿಗೆಗೆ ಹಾಕಿದ. ಆ ದಿನದ ತಟ್ಟೆಯ ವಿಷಯ ಹೇಳದಿರುವುದೇ ಒಳ್ಳೆಯದು.

ಅಂದಿನಿಂದ ಮೆಟ್ಟಿಲ ಮೇಲೆ ದಿನವೂ ಏನಾದರೊಂದು ಕಾದಿರುತ್ತಿತ್ತು. ಒಬ್ಬರು ಅರಿಸಿನದ ಕೊಂಬು ಇಟ್ಟರು, ಇನ್ನೊಬ್ಬರು ಬಾಣಂತಿಯ ಸ್ನಾನದ ನೀರಿಗೆಂದು ಹುಣಸೆ ಎಲೆ. ಯಾರೋ ತಮ್ಮ ಮೊಮ್ಮಗುವಿನ ಹಳೆಯ ಮೆತ್ತನೆ ಬಟ್ಟೆಯ ಚೌಕಗಳನ್ನು ಒಂದು ಡಜನ್ ಮಡಿಸಿಟ್ಟು ಹೋದರು. ಬಾಣಲೆ ಒರೆಸಲು ಇದಕ್ಕಿಂತ ಒಳ್ಳೆಯ ಬಟ್ಟೆ ಉಂಟೇ? ಚಮ್ನಾನ್ ಒರೆಸಿದ, ಹುಣಸೆ ಬೆಲ್ಲದ ಹಳದಿ ಕಲೆಗಳನ್ನು ಆದಷ್ಟು ಒಗೆದು ಅಂಗಳದ ಹಗ್ಗದ ಮೇಲೆ ಸಾಲಾಗಿ ಹರವಿದ. ಉರೈ ಬೇಲಿಯಾಚೆಯಿಂದ ಆ ಕಲೆಗಳನ್ನು ಎಣಿಸಿ, “ಹೊಟ್ಟೆ ಸರಿ ಇಲ್ಲ ಪಾಪ,” ಎಂದು ಊರಿಗೆ ವರದಿ ಒಪ್ಪಿಸಿದಳು.

ಏಳನೆಯ ದಿನ ಅವನು ಕಾಫಿ ಅಂಗಡಿಗೆ ಹೋದಾಗ ಬೆಂಚಿನ ಮೇಲಿದ್ದ ಗಂಡಸರೆಲ್ಲ ಎದ್ದು ಜಾಗ ಬಿಟ್ಟರು. ಇಪ್ಪತ್ತು ವರ್ಷಗಳಲ್ಲಿ ಆ ಬೆಂಚಿನಲ್ಲಿ ಅವನಿಗೆ ನಡುವಿನ ಜಾಗ ಸಿಕ್ಕಿದ್ದು ಅದೇ ಮೊದಲು.

“ಐವತ್ತಾರರಲ್ಲಿ ಮಾವ!” ಎಂದ ಒಬ್ಬ. ಅವನ ದನಿಯಲ್ಲಿ ಭಕ್ತಿಯಿತ್ತು.

“ವಯಸ್ಸಿಗೂ ಇದಕ್ಕೂ ಸಂಬಂಧ ಇಲ್ಲಪ್ಪ,” ಎಂದ ಚಮ್ನಾನ್ ದೊಡ್ಡಸ್ತಿಕೆಯಿಂದ. “ಹಟ ಬೇಕು.”

ಯಜಮಾನ ಸಕ್ದಾ ಅವನನ್ನು ಪಕ್ಕಕ್ಕೆ ಕರೆದ. ಅವನ ಕಂಕುಳಲ್ಲಿ ಸರಕಾರಿ ಕಾಗದದ ಕಡತವಿತ್ತು. ಆದರೂ ಬಿಡಿಸಿ ಹೇಳಲು ಸಂಕೋಚಪಟ್ಟು, ಗಂಟಲು ಸರಿಮಾಡಿಕೊಂಡು ಕೇಳಿದ:

“ನೋಡು ಚಮ್ನಾನ್, ಇಂಥದ್ದನ್ನ ಮುಚ್ಚಿಡಕ್ಕಾಗಲ್ಲ. ಕಚೇರೀಲಿ ಬರೆಸಬೇಕು. ನಿನ್ನ ಹೆಸರಿಗೇ ಬರೆಸ್ತೀಯಾ?”

ಹೋಬಳಿಯ ಊರೂರಿನ ವಿಶೇಷ ತಿಂಡಿಗಳನ್ನು ಸರಕಾರದವರು ಪಟ್ಟಿ ಮಾಡುವುದು ಚಮ್ನಾನನಿಗೆ ಗೊತ್ತಿತ್ತು. ಇಷ್ಟು ಬೇಗ ಅಲ್ಲಿಗೆ ಮುಟ್ಟಿತಲ್ಲ ಎಂದು ಹಿಗ್ಗಿದ.

“ಇನ್ನ್ಯಾರ ಹೆಸರಿಗೆ ಯಜಮಾನ್ರೇ? ನನ್ನದೇ.”

“ಲಮೂನ್ ಏನಂತಾಳೋ?”

“ಅವಳದ್ದು ಇದರಲ್ಲಿ ಏನೂ ಇಲ್ಲ. ನಾನೊಬ್ನೇ ಮಾಡಿದ್ದು.”

“ಒಬ್ನೇ ಹೇಗಯ್ಯಾ ಆಗತ್ತೆ?”

“ಮನಸ್ಸು ಮಾಡಿದ್ರೆ ಆಗತ್ತೆ ಯಜಮಾನ್ರೇ.”

ಸಕ್ದಾ ಪೆನ್ನಿನ ಟೊಪ್ಪಿ ಮುಚ್ಚಿ, ಏನೂ ಬರೆಯದೆ ಹೋದ.

ಒಂಬತ್ತನೆಯ ದಿನ ಡಬ್ಬ ಬಗ್ಗಿಸಿದರೆ ಉದುರಿದ್ದು ಒಂದೇ ಹಿಡಿ ಶಾವಿಗೆ. ಬೇರೆ ಗತಿಯಿಲ್ಲದೆ ಚಮ್ನಾನ್ ಆ ಒಂದು ಹಿಡಿಯನ್ನೇ ತಣ್ಣೀರಿನಲ್ಲಿ ನೆನೆಸಿದ. ಒಂದು ಹಿಡಿ ಶಾವಿಗೆಗೆ ಬಾಣಲೆಯಲ್ಲಿ ಬೇಕಾದಷ್ಟು ಜಾಗ. ಅದು ಮಗುಚಿತು, ಹೊರಳಿತು, ಹುಣಸೆರಸ ಕುಡಿಯಿತು. ಪಕ್ಕಕ್ಕೆ ತಳ್ಳಿ ಬಾತುಮೊಟ್ಟೆ ಒಡೆದರೆ ಮೊಟ್ಟೆಯೂ ಹೇಳಿದ ಮಾತು ಕೇಳಿತು. ತಟ್ಟೆಗೆ ಬಗ್ಗಿಸಿದಾಗ ಎಳೆ ಎಳೆ. ಚಮ್ನಾನ್ ಒಂದೇ ಒಂದು ಎಳೆ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದ. ಒಂದು ಸಲಕ್ಕೆ ಒಂದೇ ತಟ್ಟೆಯಷ್ಟು ಹುರಿದದ್ದರಿಂದ ಹೀಗಾಯಿತು ಎಂದು ಅವನಿಗೆ ಹೊಳೆಯಲಿಲ್ಲ. ಅವನ ಪ್ರಕಾರ ಅದು ಹಾಡಿನ ಗುಣ.

ತಕ್ಷಣ ರಸ್ತೆಗೆ ಓಡಿ, ಲಮೂನಳ ಅಕ್ಕನ ಊರಿಗೆ ಹೋಗುವ ಬಾಡಿಗೆ ವ್ಯಾನಿನವನನ್ನು ತಡೆದು ಹೇಳಿದ: “ನನ್ನ ಹೆಂಡತಿಗೆ ಹೇಳು. ಆಗಿದೆ. ಮುದ್ದಾಗಿದೆ. ನನ್ನದೇ. ಬಂದು ಕಣ್ಣಾರೆ ನೋಡು ಅಂತ.” ಆಮೇಲೆ ನೊಣ ಕೂರದಿರಲೆಂದು, ಬೆಕ್ಕು ಮುಟ್ಟದಿರಲೆಂದು, ತಟ್ಟೆಯನ್ನು ಹಾಸಿಗೆಯ ಮೇಲೆ ದಿಂಬುಗಳ ನಡುವೆ ಇಟ್ಟು ಸೊಳ್ಳೆಪರದೆ ಇಳಿಬಿಟ್ಟ.

ವ್ಯಾನಿನವನು ಕೂಡ ನೊಂಗ್‌ಸಾಯ್ ಊರಿನವನೇ. ಹೇಳಬೇಕಾದ ಗಾಂಭೀರ್ಯದಿಂದಲೇ ಹೇಳಿದ. ಅದಕ್ಕೆ ಅರ್ಧ ಗಂಟೆ ಮೊದಲು ಉರೈಯ ಫೋನು ಹೋಗಿತ್ತು.

ಮಧ್ಯಾಹ್ನ ಅಕ್ಕನ ಹಣ್ಣಿನ ಗಾಡಿ ಧೂಳೆಬ್ಬಿಸಿಕೊಂಡು ಬಂದು ಅಂಗಳದಲ್ಲಿ ನಿಂತಿತು. ಲಮೂನ್ ಮ್ಯಾಂಗೋಸ್ಟೀನ್ ಕೊಯ್ಯುತ್ತಿದ್ದ ಬಟ್ಟೆಯಲ್ಲೇ, ಕೊಯ್ಯುತ್ತಿದ್ದ ದೋಟಿಯನ್ನೇ ಹಿಡಿದು ಇಳಿದಳು. ಅವಳ ಹಿಂದೆ ಅಕ್ಕ. ಅವರ ಹಿಂದೆ, ಕರೆಯದೆಯೇ, ಊರು.

ಚಮ್ನಾನ್ ತಲೆ ಬಾಚಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದ. “ಬಂದ್ಯಾ? ಬಾ, ಬಾ. ಸದ್ದು ಮಾಡಬೇಡ, ಒಳಗೆ ಮಲಗಿಸಿದ ಹಾಗೆ ಇಟ್ಟಿದೀನಿ.”

“ಎಲ್ಲಿ ಅವಳು?”

“ಯಾರು?”

ಲಮೂನ್ ಅವನನ್ನು ದಾಟಿ ಮೆಟ್ಟಿಲು ಹತ್ತಿದಳು. ಒಳನುಗ್ಗಿದವಳಿಗೆ ಮೊದಲು ಕಂಡದ್ದು ಇಳಿಬಿಟ್ಟ ಸೊಳ್ಳೆಪರದೆ, ಅದರೊಳಗೆ ದಿಂಬುಗಳ ನಡುವೆ ಏನೋ ಮುಚ್ಚಿಟ್ಟದ್ದು. “ಏಳೇ ಮೇಲೆ!” ಎಂದು ದೋಟಿಯಿಂದ ಪರದೆಯನ್ನು ಎಳೆದಳು. ಪರದೆಯ ಜೊತೆಗೆ ದಿಂಬು, ದಿಂಬಿನ ಜೊತೆಗೆ ತಟ್ಟೆ. ತಟ್ಟೆ ಒಂದು ಸುತ್ತು ಹಾರಿ ನೆಲದ ಹಲಗೆಗಳ ಮೇಲೆ ಬೋರಲಾಯಿತು. ಶಾವಿಗೆ ಹಲಗೆಯ ಸಂದಿಯಿಂದ ಎಳೆ ಎಳೆಯಾಗಿಯೇ ಕೆಳಗಿಳಿಯಿತು. ಕಂಬಗಳ ಮೇಲೆ ನಿಂತ ಮನೆಯ ಅಡಿಯಲ್ಲಿದ್ದ ಬಾತುಗಳು ಒಂಬತ್ತು ದಿನಗಳಲ್ಲಿ ಮೊದಲ ಸಲ ಪೈಪೋಟಿಯಿಂದ ತಿಂದವು.

ಚಮ್ನಾನ್ ಹಲಗೆಯ ಸಂದಿಯಲ್ಲಿ ಕಣ್ಣಿಟ್ಟು ಕೂಗಿದ: “ಅಯ್ಯೋ, ನನ್ನ ಪಾಡ್‌ಥಾಯ್!”

ಲಮೂನ್ ಹೂಜಿಗಳ ಹಿಂದೆ, ಅಕ್ಕಿ ಕಣಜದ ಹಿಂದೆ ನೋಡಿದಳು. ಸಿಕ್ಕಿದ್ದು ಬರಿದಾದ ಶಾವಿಗೆ ಪೊಟ್ಟಣಗಳು, ಬಾಳೆಹೂವಿನ ಸಿಪ್ಪೆಯ ಗುಡ್ಡೆ, ತಳ ಸುಟ್ಟ ಬಾಣಲೆ. ಬಾಗಿಲ ತುಂಬ ಊರವರ ತಲೆಗಳು.

“ಬಾಣಂತಿ ಎಲ್ಲಿ ಮಾವ?” ಎಂದಳು ವಿಲೈ, ತಕ್ಕಡಿ ಹಿಡಿದು.

“ಯಾವ ಬಾಣಂತಿ? ಒಂಬತ್ತು ದಿನದಿಂದ ಕಿಟಕಿ ಹಾಕ್ಕೊಂಡು ನಾನು ಶಾವಿಗೆ ಹುರಿಯೋದು ಕಲೀತಿದ್ದೆ!”

ನೆರೆದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಶಾವಿಗೇನಾ? ನೀನಾ?” ಎಂದ ಸಕ್ದಾ. “ನಂಬೋ ಹಾಗಿರೋ ಸುಳ್ಳು ಹೇಳಯ್ಯಾ.”

“ಗಂಡಸು ಹೆತ್ತ ಅಂದ್ರೂ ನಂಬ್ತೀನಿ,” ಎಂದಳು ಪಾನ್ ಅಜ್ಜಿ. “ಚಮ್ನಾನ್ ಅಡಿಗೆ ಮಾಡ್ದ ಅಂದ್ರೆ ನಂಬಲ್ಲ.”

“ಅವಳನ್ನ ಹಿಂದಿನ ಬಾಗಿಲಿಂದ ಕಳಿಸಿದಾನೆ ಕಣೇ. ನಡಿ, ಇಲ್ಲಿ ಇನ್ನೇನಿದೆ ನಿನಗೆ?” ಎಂದು ಅಕ್ಕ ಲಮೂನಳ ತೋಳು ಹಿಡಿದಳು.

ಲಮೂನ್ ಗಂಡನನ್ನೇ ನೋಡುತ್ತಿದ್ದಳು. “ಮಾಡು,” ಎಂದಳು. “ನನ್ನ ಕಣ್ಣೆದುರಿಗೆ. ಈಗಲೇ.”

“ಶಾವಿಗೆ ಮುಗಿದಿದೆಯಲ್ಲ.”

“ನಮ್ಮನೇಲಿದೆ!” ಎಂದು ಉರೈ ಓಡಿದಳು. ಅವಳ ಹಿಂದೆ ಇನ್ನಿಬ್ಬರು ಓಡಿದರು. ಮೂರು ಪೊಟ್ಟಣ ಬಂದವು. ಕಿಟಕಿಗಳು ತೆರೆದವು. ಒಳಗೆ ಜಾಗ ಸಿಗದವರು ಕಿಟಕಿಗೆ ಜೋತುಬಿದ್ದರು.

ಚಮ್ನಾನ್ ಒಂದು ಹಿಡಿ ಶಾವಿಗೆ ತೆಗೆದುಕೊಂಡ. ಆ ಒಂದು ಹಿಡಿಯಲ್ಲೇ ನಿಂತಿದ್ದರೆ ಅವನ ಬಾಳು ಬಂಗಾರವಾಗುತ್ತಿತ್ತು. ಆದರೆ ತಲೆಯೆತ್ತಿ ನೋಡಿದ. ಮೂವತ್ತು ಜನ, ಅರವತ್ತು ಕಣ್ಣು, ಎಲ್ಲವೂ ಒಲೆಯ ಕಡೆಗೆ. ಈ ಸಲ ಒಲೆಯ ಮುಂದೆ ಇದ್ದವನು ಅವನೇ.

“ಇಷ್ಟು ಜನ ಬಂದಿದೀರ. ಒಬ್ಬರಿಗೆ ಕೊಟ್ಟು ಒಬ್ಬರಿಗೆ ಬಿಡೋ ಮನೆ ಅಲ್ಲ ಇದು,” ಎಂದು ಮೂರು ಪೊಟ್ಟಣವನ್ನೂ ಒಟ್ಟಿಗೆ ನೀರಿಗೆ ಹಾಕಿದ. ಕಾಯಲು ಪುರುಸೊತ್ತಿಲ್ಲದೆ ಬಿಸಿ ನೀರು ಸೇರಿಸಿದ. ಎಲ್ಲವನ್ನೂ ಬಾಣಲೆಗೆ ಬಗ್ಗಿಸಿ, ಎರಡು ಕೈಯಲ್ಲಿ ಸಟ್ಟುಗ ಹಿಡಿದು, ಶುರುಮಾಡಿದ:

“ಈರುಳ್ಳಿ ಮುಂದೆ, ಸಿಗಡಿ ಹಿಂದೆ, ಜೋ...”

ಕಿಟಕಿಯಲ್ಲಿ ಉರೈ ಬಾಯಿಗೆ ಕೈ ಅಡ್ಡ ಹಿಡಿದಳು. “ಇದೇ ರಾಗ! ಇದೇ!”

ಶಾವಿಗೆ ಮಗುಚಲಿಲ್ಲ. ಮುದುಡಿತು, ಗಂಟಿಕ್ಕಿತು, ಕೊನೆಗೆ ಸಟ್ಟುಗವನ್ನೇ ಹಿಡಿದುಕೊಂಡಿತು. ಚಮ್ನಾನ್ ಸಟ್ಟುಗ ಎತ್ತಿದರೆ ಬಾಣಲೆಯೂ ಎದ್ದಿತು. ಅಷ್ಟರಲ್ಲಿ ತಳ ಹತ್ತಿದ ವಾಸನೆ ಬಂತು. ಅವನು ಅದನ್ನು ಹಲಸಿನ ಹಣ್ಣಿನ ಹಾಗೆ ಕತ್ತರಿಸಿ ತಟ್ಟೆಗಳಿಗೆ ಹಾಕಿ, ಪಕ್ಕದಲ್ಲಿ ಬಾಳೆಹೂವಿನ ಸೀಳು, ಬೆಳ್ಳುಳ್ಳಿ ಸೊಪ್ಪು ಇಟ್ಟು, ಹಿಂದೆ ಸರಿದು ಸೊಂಟದ ಮೇಲೆ ಕೈಯಿಟ್ಟು ನಿಂತ.

ಪಾನ್ ಅಜ್ಜಿ ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಅವಳಿಗಿದ್ದದ್ದು ನಾಲ್ಕು ಹಲ್ಲು. ನಾಲ್ಕೂ ಸೇರಿ ಬಹಳ ಹೊತ್ತು ವಿಚಾರಣೆ ನಡೆಸಿದವು. ಆಮೇಲೆ ತೀರ್ಪು ಕೊಟ್ಟಳು.

“ಇದನ್ನ ಹೆಂಗಸು ಮಾಡಿರೋಕೆ ಸಾಧ್ಯ ಇಲ್ಲ. ಹುಡುಗ ನಿರಪರಾಧಿ.”

“ಹಾಗಾದ್ರೆ ಅರ್ಧ ಕೇಜಿ?” ಎಂದಳು ವಿಲೈ, ನೆಲದ ಮೇಲಿದ್ದ ಪೊಟ್ಟಣದ ಬರಹ ಓದುತ್ತಾ. ಓದಿದ ಮೇಲೆ ತಕ್ಕಡಿಯನ್ನು ಬೆನ್ನ ಹಿಂದೆ ಸರಿಸಿಕೊಂಡಳು.

“ನಾನು ತಾಲ್ಲೂಕು ಕಚೇರಿಗೆ ಬಾಯಿಮಾತಲ್ಲಿ ಹೇಳಿಬಿಟ್ಟಿದೀನಲ್ಲಯ್ಯಾ!” ಸಕ್ದಾ ತಲೆ ಮೇಲೆ ಕೈಯಿಟ್ಟುಕೊಂಡ. “ನಾಳಿದ್ದು ಸಾಹೇಬರು ನೋಡೋಕೆ ಬರ್ತಾರೆ. ಕೂಸನ್ನ ಎಲ್ಲಿಂದ ತರ್ಲಿ?”

ಲಮೂನ್ ಒಲೆಯ ಬಳಿಗೆ ಬಂದಳು. ಗಂಡನ ಬಲಗೈ ಹಿಡಿದು ಬೆಳಕಿಗೆ ತಿರುಗಿಸಿದಳು. ಐದು ಬೆರಳುಗಳಿಗೆ ಏಳು ಬೊಬ್ಬೆಗಳಿದ್ದವು. ಕೆಲವು ಹಳೆಯವು, ಒಂದೆರಡು ಈಗಿನವು. ಕೈ ಬಿಟ್ಟು, ದೋಟಿಯನ್ನು ಅಕ್ಕನಿಗೆ ಕೊಟ್ಟು, ಚಾಪೆಯ ಮೇಲೆ ಕೂತು ತಟ್ಟೆ ಎಳೆದುಕೊಂಡಳು.

ಒಂದು ತುತ್ತು ಹೋಯಿತು. ಊರು ಅವಳ ಗಂಟಲನ್ನೇ ನೋಡಿತು. ಎರಡನೆಯ ತುತ್ತಿಗೆ ಅವಳ ಕಣ್ಣಲ್ಲಿ ನೀರು ಬಂತು. ಮೂರನೆಯದಕ್ಕೆ ನೀರು ಕುಡಿದಳು. ತಟ್ಟೆ ಖಾಲಿಯಾಗುವವರೆಗೂ ತಲೆಯೆತ್ತಲಿಲ್ಲ.

“ಏಳೇ, ಹೊತ್ತಾಯ್ತು,” ಎಂದಳು ಅಕ್ಕ. “ಕತ್ತಲಾಗೋದ್ರೊಳಗೆ ತೋಟ ಸೇರಬೇಕು.”

“ನೀನು ಹೊರಡಕ್ಕ.”

“ಅಲ್ಲ, ಇದು ಬಂಡೆ ಕಣೇ! ಇದನ್ನ ತಿಂದು ಒಪ್ಕೊಂಡುಬಿಟ್ಯಾ?”

“ಬಂಡೇನೇ. ಉಪ್ಪು ಜಾಸ್ತಿ, ಹುಳಿ ಇಲ್ಲವೇ ಇಲ್ಲ, ತಳ ಹತ್ತಿದೆ. ನನ್ನ ಬಾಣಲೇನೂ ಹಾಳುಮಾಡಿದಾನೆ.” ಲಮೂನ್ ಗಂಡನ ಕಡೆ ತಟ್ಟೆ ಚಾಚಿದಳು. “ಇನ್ನೊಂಚೂರು ಹಾಕು.”

ಚಮ್ನಾನ್ ಸಟ್ಟುಗವನ್ನು ಎತ್ತಿ ಹಿಡಿದು, ಕಿಟಕಿಯಾಚೆ ನಿಂತಿದ್ದವರ ಕಡೆ ತಿರುಗಿದ.

“ಹಿಂದೆ ನಿಂತೋರಿಗೆ ಕೇಳಿಸ್ತಾ?” ಎಂದ. “ಇನ್ನೊಂಚೂರು ಅಂದ್ಲು.”